ಆರೂವರೆಯ ಕೋರಿಕೆ

ಮೊದಲು ಬೆಳ್ಯಪ್ಪ ಫೋನ್ ಮಾಡುತ್ತಿದ್ದ, ಸಬ್‌ಸ್ಟೇಷನ್ನಿಂದ.
ಬಾಯಲ್ಲಿ ಎಲೆಯಡಿಕೆ, ಬೆನ್ನಿಗೆ ಟ್ರಾನ್ಸ್‌ಫಾರ್ಮರಿನ ಗುಂಯ್.
‘ಒಂದು ಡ್ರೈಯರ್ ನಿಲ್ಲಿಸಿ ಮಾರಾಯ್ರೆ, ಲೋಡು ತಲೆಗೇರಿದೆ.’
ನಾನು: ‘ಪಾರ್ಚ್‌ಮೆಂಟ್ ಇನ್ನೂ ಹಸಿ ಇದೆಯಲ್ಲ!’
ಅವನು: ‘ನನ್ನ ಗತಿ ನೋಡಿ.’
ಹೀಗೆ ಹತ್ತು ನಿಮಿಷ ಚೌಕಾಸಿ. ಕೊನೆಗೆ
ಅರ್ಧ ಗಂಟೆಗೆ ಒಪ್ಪಂದ,
ಅವನ ಮಗಳ ಪರೀಕ್ಷೆಯ ಸುದ್ದಿ ಕೊಸರು.

ಈಗ ಅವನು ವಿರಾಜಪೇಟೆಗೆ ವರ್ಗ. ಫೋನೂ ಇಲ್ಲ.
ಕುಶಾಲನಗರದ ಈ ಕಾಫಿ ಕ್ಯೂರಿಂಗ್ ವರ್ಕ್ಸಿನ
ಮೀಟರ್ ಕೋಣೆಯಲ್ಲಿ, ಹಲ್ಲಿಯ ಪಕ್ಕ,
ಟಿಫಿನ್ ಡಬ್ಬಿಯಷ್ಟು ಒಂದು ಬೂದು ಪೆಟ್ಟಿಗೆ.
ವಿದ್ಯುತ್ ಕಂಪನಿಯ ಸರ್ವರ್ ಅದಕ್ಕೆ ಹೇಳುತ್ತದೆ:
ಆರೂವರೆಯಿಂದ ಎಂಟೂವರೆ. ಹಂತ ಎರಡು.
ಪೆಟ್ಟಿಗೆ ಅನ್ನುತ್ತದೆ: ಆಗಲಿ.
ಅಷ್ಟೇ. ಕೆಮ್ಮಿಲ್ಲ, ಗೋಗರೆತವಿಲ್ಲ,
ಹಸಿರು ಚುಕ್ಕೆ ಎರಡು ಸಲ ಮಿಟುಕುತ್ತದೆ.
ತಿಂಗಳ ಕೊನೆಗೆ ಬಿಲ್ಲಿನಲ್ಲಿ ರಿಯಾಯಿತಿ, ಯಜಮಾನರ ಮುಖ ಅರಳುತ್ತದೆ.

ಕಾರಣ ಬರೆಯುವ ಜಾಗ ಮಾತ್ರ ಯಾವಾಗಲೂ ಖಾಲಿ.
ನಾನೇ ತುಂಬಿಕೊಳ್ಳುತ್ತೇನೆ:
ಮಡಿಕೇರಿಯಲ್ಲಿ ಪ್ರವಾಸಿಗಳು ಒಟ್ಟಿಗೇ ಮೀಯಲು ಹೊರಟರು,
ಸುಂಟಿಕೊಪ್ಪದಲ್ಲಿ ಯಾರದೋ ಮದುವೆಯ ಸೀರಿಯಲ್ ಸೆಟ್ಟು,
ಎಲ್ಲೋ ಒಂದು ನೆಬ್ಯುಲೈಸರ್, ಒಂದು ಮಗು.

ಫೆಬ್ರವರಿಯ ಒಂದು ಸಂಜೆ, ಓವರ್‌ಟೈಮಿನ ಹೊತ್ತು,
ಕೋರಿಕೆ ಬಂತು. ಪೆಟ್ಟಿಗೆ ಒಪ್ಪಿತು.
ಗೋದಾಮಿನ ಫ್ಯಾನು ನಿಂತವು,
ಎರಡನೇ ಡ್ರೈಯರ್ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು,
ಗಾರ್ಬ್ಲಿಂಗ್ ಹಾಲಿನ ದೀಪ ಅರ್ಧಕ್ಕಿಳಿಯಿತು.
ಅಲ್ಲಿ ಮೂವತ್ತು ಹೆಂಗಸರು, ಮುಂದೆ ಕಾಳಿನ ರಾಶಿ.
ಕಪ್ಪು ಕಾಳು, ಒಡಕು ಕಾಳು, ಹುಳ ಕೊರೆದದ್ದು
ಹೆಕ್ಕುವ ಬೆರಳುಗಳು ಗಾಳಿಯಲ್ಲೇ ನಿಂತವು.
ಸಫಿಯಾಬಿ ಎದ್ದು ಬಂದಳು, ನನ್ನ ಅಂಗೈಗೆ ಒಂದು ಹಿಡಿ ಸುರಿದಳು:
‘ಇದರಲ್ಲಿ ಕಪ್ಪು ಯಾವುದು, ನೀನೇ ಹೇಳು.
ನಮಗೆ ಕಿಲೋ ಲೆಕ್ಕದ ಕೂಲಿ.’

ನೋಡಿದೆ. ಎಲ್ಲವೂ ಕಪ್ಪೇ.

ಪಟ್ಟಿ ತೆರೆದೆ. ಮೈಸೂರಿನ ಹುಡುಗನೊಬ್ಬ ಬಂದು
ಒಂದೇ ದಿನದಲ್ಲಿ ಬರೆದಿಟ್ಟ ಪಟ್ಟಿ:
ಅನಿವಾರ್ಯ. ಕಾಯಬಹುದಾದ್ದು. ಅನಗತ್ಯ.
ಆರಿಸುವವರ ದೀಪ ಮೂರನೆಯದರಲ್ಲಿ.
ಅನಿವಾರ್ಯದ ಮೊದಲ ಸಾಲು: ಅತಿಥಿಗೃಹ, ಗೀಸರ್.
ಹುಡುಗನ ತಪ್ಪಲ್ಲ. ಹಾಲಿಗೆ ಬಂದದ್ದು ಮಧ್ಯಾಹ್ನ,
ಕಿಟಕಿ ತುಂಬ ಬಿಸಿಲು. ರಾತ್ರಿ ಮಲಗಿದ್ದು ಅತಿಥಿಗೃಹದಲ್ಲಿ.

ಬೇಡಿಕೆ ಅನ್ನುತ್ತೇವಲ್ಲ,
ಆ ಪದದ ಹೊಟ್ಟೆಯಲ್ಲೇ ಒಂದು ‘ಬೇಡ’ ಕೂತಿದೆ.
ಒಬ್ಬರು ಬೇಡಿದರೆ ಇನ್ನೊಬ್ಬರು ಬೇಡವೆನ್ನಬೇಕು.
ಯಾರು ಅನ್ನುವುದು ಪೆಟ್ಟಿಗೆಗೆ ಗೊತ್ತಿಲ್ಲ,
ಯಾರೋ ಹೇಳಿದ್ದಷ್ಟೇ ಗೊತ್ತು.

ಪಾಸ್‌ವರ್ಡ್ ಇನ್ನೂ ಒಂದು, ಎರಡು, ಮೂರು, ನಾಲ್ಕು.
ಎರಡು ಸಾಲು ಅದಲುಬದಲು ಮಾಡಿದೆ.
ಹಾಲಿನಲ್ಲಿ ಬೆಳಕು ಏರಿತು. ಯಾರೂ ತಲೆಯೆತ್ತಲಿಲ್ಲ,
ಬೆರಳು ಮತ್ತೆ ಕಾಳಿಗಿಳಿದವು.

ಏಳಕ್ಕೆ ಅತಿಥಿಗೃಹದಿಂದ ಫೋನು.
ಮಂಗಳೂರಿನ ಖರೀದಿದಾರರು, ತಲೆತುಂಬ ಸೋಪು:
‘ಬಿಸಿನೀರೇ ಬರ್ತಿಲ್ಲ!’
ಎಷ್ಟು ದಿನವಾಗಿತ್ತು, ಈ ಹೊತ್ತಿನಲ್ಲಿ
ಒಂದು ಮನುಷ್ಯದನಿ ಗೊಣಗಿದ್ದು ಕೇಳಿ.
ಕುರ್ಚಿ ಎಳೆದುಕೊಂಡೆ.
‘ಸ್ವಲ್ಪ ತಡ್ಕೊಳ್ಳಿ ಮಾರಾಯ್ರೆ,’ ಅಂದೆ,
‘ಲೋಡು ತಲೆಗೇರಿದೆ.’