ಊಟ, ವಸತಿ ಕಳೆದು

ಕೂತ್ಕೊಳಿ ಮೇಡಮ್ಮೋರೆ, ಚಾರ್ವಿ ಈಗ ತಾನೆ ಮಲಗವ್ಳೆ,
ಅರ್ಧ ಗಂಟೆ ಏಳಲ್ಲ. ಅಷ್ಟರಲ್ಲಿ ಮಾತಾಡಿಬಿಡೋಣ.

ತಿಂಗಳಿಗೆ ಹದಿಮೂರು ಸಾವಿರ ಅಂದಿದ್ರಿ.
ಊಟದ್ದು ಎರಡೂವರೆ, ರೂಮಿಂದು ಎರಡು
ಮುರ್ಕೊಂಡು ಕೈಗೆ ಎಂಟೂವರೆ ಕೊಟ್ರಿ.
ಕಳೆಯೋದ್ರಲ್ಲಿ ತಪ್ಪಿಲ್ಲ. ನಾನೂ ಏಳನೇ ಕ್ಲಾಸು ಓದಿದೀನಿ.

ಆದ್ರೆ ರೂಮು ಅಂದ್ರಲ್ಲ, ಮೆಟ್ಟಿಲ ಕೆಳಗಿನ ಆ ಜಾಗ,
ಯುಪಿಎಸ್ ಬ್ಯಾಟರಿ, ಎರಡು ಮೂಟೆ ಅಕ್ಕಿ,
ಹೋದ ಗೌರಿ ಹಬ್ಬದ ಬಾಗಿನದ ಮೊರಗಳು,
ಮಧ್ಯೆ ನನ್ನ ಚಾಪೆ.
ಬ್ಯಾಟರಿ ಎಷ್ಟು ಬಾಡಿಗೆ ಕೊಡ್ತದೆ?
ಆ ಚಾಪೆ ಮೇಲಾದ್ರೂ ಎಷ್ಟು ದಿನ ಮಲಗಿದ್ದೆ,
ತೊಟ್ಟಿಲ ಪಕ್ಕದ ನೆಲದಲ್ಲೇ ನಂಗೆ ಬೆಳಗಾಗೋದು.

ಊಟ ಅಂದ್ರಿ.
ಅವಳಿಗೆ ರಾಗಿ ಸರಿ ತಿನ್ನಿಸಿ, ಗಲ್ಲ ಒರೆಸಿ, ತೇಗು ಬರಿಸಿ
ನಾನು ತಟ್ಟೆ ಮುಂದೆ ಕೂರೋ ಹೊತ್ಗೆ ಮುದ್ದೆ ಕಲ್ಲಾಗಿರ್ತದೆ.
ಬೇಜಾರಿಲ್ಲ, ಆರಿದ್ದೂ ಹೊಟ್ಟೆ ತುಂಬಿಸ್ತದೆ.
ಆರಿದ್ದಕ್ಕೆ ಬಿಸೀದರ ರೇಟು ಹಾಕಬೇಡಿ, ಅಷ್ಟೇ.

ಇಲ್ಲಿಗೆ ಬರೋ ಮುಂಚೆ ಫಿಲೇಚರಲ್ಲಿದ್ದೆ.
ಬೆರಳ ಸಂದಿ ಇನ್ನೂ ಬೆಳ್ಳಗೈತೆ ನೋಡಿ,
ಕುದಿಯೋ ಬಟ್ಟಲಲ್ಲಿ ನೂಲಿನ ತುದಿ ಹುಡುಕಿ ಹುಡುಕಿ.
ಅದಕ್ಕೂ ಮುಂಚೆ ಅತ್ತೆ ಮನೇಲಿ ಹುಳ ಸಾಕ್ತಿದ್ದೆ.
ನಡುರಾತ್ರಿ ಎದ್ದು ಸೊಪ್ಪು ಹಾಕ್ಬೇಕು,
ಜ್ವರಕ್ಕೆ ಕೂತ್ರೆ ಉಸಿರೂ ಜೋರಾಗಿ ಬಿಡಬಾರ್ದು.
ಹುಳಕ್ಕೂ ಊಟ ವಸತಿ ಬಿಟ್ಟಿನೇ ಮೇಡಮ್ಮೋರೆ.
ತಟ್ಟೆ ನಮ್ಮದು, ಸೊಪ್ಪು ನಮ್ಮದು, ಚಂದ್ರಿಕೆ ನಮ್ಮದು.
ಗೂಡು ಕಟ್ಟಿದ ಮೇಲೆ ಬಾಕಿ ಹೆಂಗೆ ವಸೂಲಾಯ್ತು ಅಂತ
ಶಿಡ್ಲಘಟ್ಟದಲ್ಲಿ ಯಾರಿಗೆ ಹೇಳ್ಬೇಕು.

ತಪ್ಪು ತಿಳ್ಕೋಬೇಡಿ. ನೀವು ಒಳ್ಳೆಯೋರು.
ಯುಗಾದಿಗೆ ಸೀರೆ ಕೊಟ್ರಿ, ನನ್ನ ಮಗಳಿಗೆ ಬ್ಯಾಗು ಕೊಟ್ರಿ.
ಕೊಟ್ಟಿದ್ದು ಬೇರೆ, ಕೊಡಬೇಕಾದ್ದು ಬೇರೆ.

ಈ ಕ್ಯಾಲೆಂಡರು ನೋಡಿ.
ಪೆನ್ನಲ್ಲಿರೋದು ನಿಮ್ಮ ಹಾಲಿನ ಲೆಕ್ಕ,
ತಗೊಳ್ಳದ ದಿನಕ್ಕೆ ಸೊನ್ನೆ.
ಕೆಳಗಿನ ಚುಕ್ಕೆಗಳು ನನ್ನವು, ಪಾಪೂ ಕಾಡಿಗೇಲಿ ಇಟ್ಟಿದ್ದು.
ರಾತ್ರಿ ಒಂದು ಸಲ ಎದ್ರೆ ಒಂದು ಚುಕ್ಕೆ.
ಏಳನೇ ತಾರೀಖು ಆರು. ಹಲ್ಲು ಬರ್ತಿತ್ತು.
ಹದಿನೆಂಟು ಎಣಿಸೋಕಾಗಲ್ಲ, ಕೈ ತಾಗಿ ಅಳಿಸೋಗೈತೆ,
ಅವತ್ತು ಮಗೂಗೆ ಜ್ವರ, ಹೆಗಲ ಮೇಲೆ ಹಾಕ್ಕೊಂಡು
ಮಸೀದಿ ಬಾಂಗು ಕೂಗೋವರೆಗೂ ವರಾಂಡದಲ್ಲಿ ನಡೆದಿದ್ದೆ.
ಹಾಲಿನ ಪಿಳ್ಳಪ್ಪಂಗೆ ಕಾಲು ಲೀಟರಿಂದೂ ಬಾಕಿ ಉಳಿಸ್ಕೊಳ್ಳಲ್ಲ ನೀವು.

ಹದಿಮೂರು ಪೂರ್ತಿ ಕೊಡಿ. ರಾತ್ರಿದು ಎಷ್ಟು ಅಂತ ನೀವೇ ಹೇಳಿ,
ಕೇಳಿಸ್ಕೊಳ್ತೀನಿ. ಒಳಗಿಂದ ಚಿಲಕ ಇರೋ ಒಂದು ಬಾಗಿಲು.
ಭಾನುವಾರ ದಿಬ್ಬೂರಹಳ್ಳಿ ಬಸ್ಸು,
ನನ್ನ ಹುಡುಗಿ ಎಂಟನೇ ಕ್ಲಾಸು ಈಗ,
ನನಗಿಂತ ಒಂದು ಕ್ಲಾಸು ಮುಂದೆ,
ಅವಳು ಎದುರಿಗೆ ಕೂತು ಪಾಠ ಒಪ್ಪಿಸೋದು ಕೇಳ್ಬೇಕು.

ಎದ್ಳು ಅನ್ಸುತ್ತೆ.
ಕೂತಿರಿ, ನಾನೇ...
ಇಲ್ಲ. ಇವತ್ತು ನೀವು ಹೋಗಿ.
ಎಡಗಡೆ ಹೆಗಲಿಗೆ ಹಾಕ್ಕೊಳಿ, ಬಲಗಡೆ ಒಲ್ಲಳು.
ಮುದ್ದೆ ಇನ್ನೂ ಹೊಗೆಯಾಡ್ತೈತೆ.