ಎಡಗೈಯ ಕೆಲಸ

ಬಳೆ ಬೇಡ, ಅಂದರು. ಮಲ್ಲಿಗೆ ಬೇಡ.
ಕಪ್ಪು ಉಟ್ಟು ಬಾ, ಪರದೆಯ ಪಕ್ಕ ಪರದೆಯಂತಿರು.
ಸೀನು ಬಂದರೆ ನುಂಗು.
ನುಡಿಸುವವರ ಎಡಕ್ಕೆ, ಅರ್ಧ ಮೊಳ ಹಿಂದೆ, ಕುರ್ಚಿ.
ಎದ್ದು, ಬಾಗಿ, ಎಡಗೈಯಲ್ಲಿ ಹಾಳೆಯ ಮೂಲೆ ಹಿಡಿದು
ತಿರುವಿ ಕೂತುಕೊಳ್ಳುವುದು. ಅಷ್ಟೆ.
ದಿನಕ್ಕೆ ಎಂಟುನೂರು, ಮೇಲೊಂದು ಊಟದ ಚೀಟಿ.

ಎಡಗೈಲಿ ಕೊಡಬೇಡ ಕಣೇ, ಎಂದು ಬೆರಳ ಗೆಣ್ಣಿಗೆ
ಸೌಟಿನಲ್ಲಿ ಬಾರಿಸುತ್ತಿದ್ದಳು ಅಜ್ಜಿ ಇನ್ನಾಸಮ್ಮ,
ಲಿಂಗರಾಜಪುರದ ವಠಾರದಲ್ಲಿ.
ಇದ್ದಿದ್ದರೆ ಹೇಳಬಹುದಿತ್ತು:
ನೋಡು, ಈ ಕೈಗೂ ಸಂಬಳ ಬಂತು.

ಹದಿನಾಲ್ಕು ದೇಶ, ಮೂವತ್ತೊಂದು ಮಕ್ಕಳು.
ಹೊರಗೆ ಏಪ್ರಿಲ್, ಒಳಗೆ ಏಸಿ, ಕೈಗೆಲ್ಲ ಉಣ್ಣೆಯ ಗವಸು.
ಬೆಂಚಿನ ಮೇಲೆ, ತೊಡೆಯ ಮೇಲೆ, ಕಾರಿಡಾರಿನ ಗೋಡೆಯ ಮೇಲೆ
ಸದ್ದಿಲ್ಲದೆ ಓಡುವ ಬೆರಳು;
ಹಲ್ಲಿಗಳು ಜಾಗ ಬಿಟ್ಟುಕೊಟ್ಟವು.
ಗೇಟಿನ ಬೋರೇಗೌಡರಿಗೆ ಮರುಕ:
“ಪಾಪ, ಇಷ್ಟು ಚಿಕ್ಕ ವಯಸ್ಸಿಗೇ ಕೈ ನಡುಕವಾ?”

ಶ್ರುತಿ ಮಾಡುವ ಚೌರಪ್ಪ ನಸುಕಿಗೇ ಬಂದು
ಪಿಯಾನೊದ ಹೊಟ್ಟೆಯೊಳಗೆ ತಲೆ ತೂರಿಸಿ
ತಂತಿಗಳನ್ನು ಒಂದೊಂದಾಗಿ ಬೈಯುತ್ತಾನೆ:
ನಿನ್ನೆ ತಾನೇ ಸರಿ ಮಾಡಿದ್ನಲ್ಲೇ, ಎಲ್ಲಿ ಹೋಗಿ ಗಾಳಿ ಕುಡಿದೆ?

ಕೊನೆಯ ಸುತ್ತು. ವಾದ್ಯವೃಂದ ಕರೆಸಲು ದುಡ್ಡಿಲ್ಲ.
ಎರಡನೆಯ ಪಿಯಾನೊದಲ್ಲಿ ಜೆರಾಲ್ಡೀನ್ ಟೀಚರೇ ಅರವತ್ತು ಜನ,
ಕೊಳಲು ಅವರೇ, ಕಹಳೆ ಅವರೇ, ಪಿಟೀಲಿನ ಹಿಂಡೂ ಅವರೇ,
ಎಪ್ಪತ್ತೆರಡರ ಬೆರಳಲ್ಲಿ ನಗಾರಿ.
ಅವರ ಪುಟ ನನ್ನ ಪಾಲು.
ಮುಂದಿನ ಪಿಯಾನೊದಲ್ಲಿ ಲೆವಾನ್, ಟಿಬಿಲಿಸಿಯವನು, ಹತ್ತೊಂಬತ್ತು.
ಅವನ ಮುಂದೆ ಹಾಳೆಯಿಲ್ಲ. ಎಲ್ಲ ಬಾಯಿಪಾಠ.

ಟೀಚರ್ ಕೈ ತೊಡೆಗಿಳಿಸಿದರು.
ಇನ್ನು ನಾಲ್ಕು ನಿಮಿಷ ಅವನೊಬ್ಬನೇ.

ಚೆನ್ನಾಗೇ ಹೊರಟ. ಆಮೇಲೊಂದು ತಿರುವು.
ಅದೇ ತಿರುವು ಮತ್ತೆ. ಇನ್ನೊಮ್ಮೆ.
ರಾಜಾಜಿನಗರದಲ್ಲಿ ವಿಳಾಸ ಕಳಕೊಂಡವನ ಹಾಗೆ
ಆರನೇ ಕ್ರಾಸು, ಹೊಂಗೆ ಮರ, ಹಿಟ್ಟಿನ ಗಿರಣಿ,
ಮತ್ತೆ ಆರನೇ ಕ್ರಾಸು, ಹೊಂಗೆ ಮರ, ಗಿರಣಿ.
ಕೇಳುವವರಿಗೆ ಅದೂ ಚಂದ. ಮೂರನೇ ಸಾಲಿನ ಹೆಂಗಸು ತಲೆದೂಗಿದಳು.
ತೀರ್ಪುಗಾರರಲ್ಲೊಬ್ಬ ಪೆನ್ನಿನ ಮುಚ್ಚಳ ತೆಗೆದ.
ಹುಡುಗನ ಕಿವಿಯ ಹಿಂದೆ ಬೆವರಿನ ಗೆರೆ.

ಅವನು ಹುಡುಕುತ್ತಿದ್ದ ಮನೆ ನನ್ನ ಮುಂದಿತ್ತು.
ಪುಟ ನಲವತ್ತೇಳು, ಕೆಳಗಿನ ಸಾಲು. ಬಾಗಿಲು ತೆರೆದೇ ಇತ್ತು.
ಕೂಗೋಣವೆಂದರೆ ನಾನು ಪರದೆ.
(ಹದಿನೇಳರಲ್ಲಿ ನನಗೂ ಒಮ್ಮೆ ಹೀಗೇ… ಇರಲಿ ಬಿಡಿ.)

ಎದ್ದೆ. ಟೀಚರ್ ಇನ್ನೂ ತಲೆಯಾಡಿಸಿರಲಿಲ್ಲ.
ಎಡಗೈ ಚಾಚಿದೆ, ಮೂಲೆ ಹಿಡಿದೆ,
ತಿರುವಿದೆ, ಸದ್ದಾಗುವ ಹಾಗೆ.
ಒಣಗಿದ ಮುತ್ತುಗದೆಲೆ ತುಳಿದಷ್ಟೇ ಸದ್ದು.

ಅವನ ಎಡಗೈ ಒಂದು ಮೆಟ್ಟಿಲು ಇಳಿಯಿತು.
ಇಳಿದದ್ದೇ, ದಾರಿ ಸಿಕ್ಕಿತು.
ಟೀಚರ್ ಅರವತ್ತು ಜನರನ್ನೂ ಎಬ್ಬಿಸಿಕೊಂಡು ಹಿಂದೆಯೇ ಹೊರಟರು.

ನನ್ನ ಸದ್ದಿಗೋ, ತಾನಾಗಿ ಹೊಳೆಯಿತೋ,
ಅವನನ್ನೇ ಕೇಳಬೇಕು. ಕೇಳುವ ಹಾಗಿಲ್ಲ.
ಮುಗಿದ ಮೇಲೆ ಎದುರಾದ, ನನ್ನ ಗುರುತು ಸಿಗಲಿಲ್ಲ,
ನೀರೆಲ್ಲಿದೆ ಎಂದ. ತೋರಿಸಿದೆ.
ಕನ್ನಡಕ ಒರೆಸುತ್ತ ಟೀಚರ್: “ಬೇಗ ತಿರುವಿದೆ, ಬ್ರಿಜಿತಾ.”
“ಹೌದು, ಟೀಚರ್.”
“ಮೂವತ್ತು ವರ್ಷದಿಂದ ಹೇಳ್ತಿದೀನಿ. ನಿನಗೆ ಯಾವಾಗಲೂ ಆತುರ.”
ಕನ್ನಡಕ ಹಾಕಿಕೊಳ್ಳಲೇ ಇಲ್ಲ, ಒರೆಸುತ್ತಲೇ ಇದ್ದರು.

ಲೆವಾನನಿಗೆ ಮೂರನೆಯ ಬಹುಮಾನ.
ನಾಲ್ಕನೆಯವಳು, ಜಕಾರ್ತಾದ ಹುಡುಗಿ,
ಎಲ್ಲೂ ತಪ್ಪದೆ ನುಡಿಸಿದವಳು,
ಹಿಂಬದಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತು
ಶೂ ದಾರ ಬಿಚ್ಚಿ ಕಟ್ಟುತ್ತಿದ್ದಳು,
ಬಿಚ್ಚಿ ಕಟ್ಟುತ್ತಿದ್ದಳು.

ಅವಳನ್ನು ದಾಟಿಕೊಂಡೇ ಬಸ್‌ಸ್ಟಾಪಿಗೆ ಹೋಗಬೇಕು.
ಬಹಳ ಹೊತ್ತು ಬಾಗಿಲ ಹಿಂದೆಯೇ ನಿಂತಿದ್ದೆ.
ಊಟದ ಚೀಟಿ ಇನ್ನೂ ಪರ್ಸಿನಲ್ಲೇ ಇದೆ.