ಎರಡನೆಯ ಮೊಳೆ

ಚೌಕಟ್ಟು ಮಾಡುವವನು ನಾನು, ಚಿತ್ರ ನನ್ನ ಬಾಬತ್ತಲ್ಲ.
ಆದರೂ ಇಪ್ಪತ್ತಾರು ವರ್ಷ ವೆಲ್ಗಾಳ ಚಿತ್ರಗಳಿಗೆ
ಅಂಚು ಕೊಯ್ದು ಕೊಟ್ಟ ಕೈ ಇದು.
ಅಷ್ಟರಮಟ್ಟಿಗೆ ಮಾತಾಡಬಹುದು.

ಲಿಯೆಪಾಯಾದ ಟ್ರಾಮ್ ಶೆಡ್ಡಿನಲ್ಲಿ ಅವಳಪ್ಪ
ಬೋಗಿಗಳ ಮೇಲೆ ಅಂಕಿ ಬರೆಯುತ್ತಿದ್ದ.
ಹನ್ನೊಂದರ ಹುಡುಗಿ ಡಬ್ಬಿ ಹಿಡಿದು ನಿಂತು ನಿಂತು
ಎಂಟನ್ನು ಒಂದೇ ಉಸಿರಿಗೆ ಬರೆಯಲು ಕಲಿತಳು.
"ನಡುವೆ ಉಸಿರಾಡಿದೆಯೋ, ಸೊಂಟ ಮುರೀತು,
ನಿನ್ನದಲ್ಲ ಮಗಾ, ಎಂಟರದು."

ರೀಗಾದ ಕಲಾಶಾಲೆಯಲ್ಲಿ ಗುರುಗಳು
"ನಿನ್ನ ಗೆರೆಗೆ ಅನುಮಾನವೇ ಇಲ್ಲವಲ್ಲ" ಅಂದರಂತೆ.
ಹೊಗಳಿಕೆಯೆಂದು ಎರಡು ವರ್ಷ ಹಿಗ್ಗಿದಳು.
ಮೂರನೆಯ ವರ್ಷ ಅರ್ಥವಾಯಿತು,
ಕುಂಚ ಎಡಗೈಗೆ ಬಂತು.

ಸೊಟ್ಟ ದೋಣಿಗಳ ಕಾಲ ಅದು.
ಮುಗ್ಗರಿಸುವ ಹಾಯಿ, ತಡವರಿಸುವ ನೀರು,
ಹ್ಯಾಂಬರ್ಗಿನ ದಂತವೈದ್ಯನೊಬ್ಬ ಒಮ್ಮೆಗೇ ಆರು ಕೊಂಡ,
ಹಲ್ಲು ಕೀಳಿಸಿಕೊಳ್ಳುವವರಿಗೆ ಸಮಾಧಾನವಂತೆ.
ನನಗೂ ಕೈತುಂಬ ಕೆಲಸ.
ಒಂದು ಬೆಳಿಗ್ಗೆ ಹದಿನಾಲ್ಕು ಚೌಕಟ್ಟು ಕೈಗಾಡಿಯಲ್ಲಿ ಹೇರಿ
ವಾಪಸು ತಂದಳು, ಖಾಲಿ.
"ಎಡಗೈಯೂ ಕಲಿತುಬಿಟ್ಟಿದೆ" ಅಂದಳು,
ಮನೆಯಲ್ಲಿ ಸಾವಾದವರ ದನಿಯಲ್ಲಿ.

ಆಮೇಲೆ ಒಂದೇ ಹಲಗೆ.
ಒಂದೇ ಕಿಟಕಿ, ಆಚೆ ಬಂದರಿನ ಅಲೆತಡೆ ಗೋಡೆ,
ಅದರಾಚೆ ಬಾಲ್ಟಿಕ್.
ಚಳಿಗಾಲಕ್ಕೊಮ್ಮೆ ಬರೆಯುವಳು,
ಹಿಂದಿನ ವರ್ಷದ್ದರ ಮೇಲೆಯೇ.
ತಟ್ಟೆಯಲ್ಲಿ ಉಳಿದ ಬಣ್ಣವೆಲ್ಲ ಕಲಸಿ ಬೂದು ಮಾಡುವಳು.
ಅಂಗಡಿಯಲ್ಲೇ ಸಿಗುತ್ತಲ್ಲ ಅಂದೆ.
"ಅದಕ್ಕೆ ಏನೂ ನೆನಪಿರುವುದಿಲ್ಲ" ಅಂದಳು.
ಯಾವಾಗ ಮುಗಿಯುತ್ತದೆ? ಅಂತಲೂ ಕೇಳಿದೆ, ಬಡಗಿಯ ಪ್ರಶ್ನೆ.
"ಗೋಡೆಯನ್ನು ಕೇಳು.
ಅಲೆ ನಿಂತ ದಿನ ಅದು ಹೇಳೀತು."

ಹನ್ನೆರಡನೆಯ ಚಳಿಗಾಲ, ಫೆಬ್ರವರಿಯ ನಡುರಾತ್ರಿ,
ಬಣ್ಣದ ಭಾರಕ್ಕೆ ಮೊಳೆ ಕಿತ್ತು ಬಂತು.
ಹೋಗಿ ನೋಡಿದರೆ ಮೂಲೆಯೊಂದು ಒಡೆದು
ಹೆಬ್ಬೆರಳ ದಪ್ಪ ಪದರ ಪದರ:
ಬೂದು, ಬೂದು, ಪಾಚಿ ಹಸಿರು, ಮತ್ತೆ ಬೂದು,
ಎಳೆಯಷ್ಟು ಕೆಂಪು
(ಆ ವರ್ಷ ಏನಾಗಿತ್ತೆಂದು ನಾನು ಕೇಳಲಿಲ್ಲ)
ತಳದಲ್ಲಿ ಟ್ರಾಮಿನ ಹಳದಿ,
ಅದರ ಮೇಲೆ ಕಪ್ಪು ಬಾಗು.
ಶೆಡ್ಡಿನ ಹಲಗೆ ಅದು, ಅಂಕಿ ತಿದ್ದಿದ್ದು.
ಮೂರೋ ಎಂಟೋ ನನಗೆ ತಿಳಿಯಲಿಲ್ಲ.

ಅವಳು ಕನ್ನಡಕ ಹಣೆಗೇರಿಸಿ ಬಗ್ಗಿದಳು.
ಬಾಗಿನ ಮೇಲೆ ಉಗುರು ಆಡಿಸುತ್ತ ಹೋಗಿ
ಕೂದಲಷ್ಟು ನಡುಗಿದ ಒಂದು ಕಡೆ ನಿಲ್ಲಿಸಿದಳು.
"ಇಲ್ಲಿ ಉಸಿರಾಡಿದ್ದೆ" ಅಂದಳು.
ಬಹಳ ಹೊತ್ತು ಬೆರಳೆತ್ತಲಿಲ್ಲ.
ನಕ್ಕಳೋ ಏನೋ, ಬೆನ್ನು ನನ್ನ ಕಡೆಗಿತ್ತು.

ಮೂಲೆಗೆ ಅಂಟು ಬೇಡವೆಂದಳು.
ಎರಡನೆಯ ಮೊಳೆ ಹೊಡೆದೆ.
ಸುತ್ತಿಗೆ ಇಳಿಸುವಷ್ಟರಲ್ಲಿ
ಬಲಗೈಯಲ್ಲಿ, ಹೌದು, ಬಲಗೈಯಲ್ಲಿ
ಬೂದು ಕಲಸುತ್ತಿದ್ದಳು.

ಒಡೆದ ಚೂರು ನನ್ನ ಉಳಿಗಳ ಪೆಟ್ಟಿಗೆಯಲ್ಲಿದೆ.
ಅವಳು ಕೇಳಿಲ್ಲ, ನಾನು ಕೊಟ್ಟಿಲ್ಲ.